ನಲವತ್ನಾಲ್ಕೋ, ನಲವತ್ತೆಂಟೋ

ವಾಡಿಯಲ್ಲಿ ಸ್ಟೇಷನ್ ರಸ್ತೆಗೆ ರೆಕಾರ್ಡಿಂಗ್ ಅಂಗಡಿ ಇಟ್ಟವನ ಹತ್ತಿರ ಜನ ಹಾಡುವುದಕ್ಕೆ ಬರುತ್ತಾರೆ ಎಂದು ನೀವು ತಿಳಿದಿದ್ದರೆ ತಪ್ಪು. ಅವರು ಬರುವುದು ತಲೆ ತಿನ್ನುವುದಕ್ಕೆ. ಅದು ಮುಗಿದು ಹೊತ್ತು ಉಳಿದರೆ ಒಂದೆರಡು ಹಾಡು ಹಾಡಿ ಹೋಗುತ್ತಾರೆ. ಇಪ್ಪತ್ತು ವರ್ಷದಲ್ಲಿ ಒಂದು ವಾರವೂ ಇದು ತಪ್ಪಿದ್ದಿಲ್ಲ.

ತಪ್ಪು ನನ್ನದೂ ಇದೆ, ಒಪ್ಪುತ್ತೇನೆ. ತೊಂಬತ್ತರ ದಶಕದ ಕೊನೆಯ ತನಕ ನಾನು ಕ್ಯಾಸೆಟ್ ತುಂಬಿ ಕೊಡುತ್ತಿದ್ದೆ. ಆಮೇಲೆ ಡೆಕ್ಕು ಮಾರಿ ಕಂಪ್ಯೂಟರ್ ತಂದೆ. ಆಗ ನಮ್ಮ ಕಡೆ ಕಂಪ್ಯೂಟರ್ ಇದ್ದ ಅಂಗಡಿ ಎಂದರೆ ದೊಡ್ಡ ಸಂಗತಿ. ಆ ಹಮ್ಮಿಗೆ ನಾನು ಅದರ ಪರದೆಯನ್ನು ಗಿರಾಕಿಗಳಿಗೆ ಕಾಣುವ ಹಾಗೆ ಹೊರಳಿಸಿ ಇಟ್ಟೆ. ಅಲ್ಲಿಂದ ನನ್ನ ಗ್ರಹಚಾರ ಶುರುವಾಯಿತು. ಯಾಕೆಂದರೆ ರೆಕಾರ್ಡಿಂಗ್ ಶುರು ಮಾಡಬೇಕಾದರೆ ಆ ಪರದೆ ಮೊದಲು ಒಂದು ಪ್ರಶ್ನೆ ಕೇಳುತ್ತದೆ: ಸ್ಯಾಂಪಲ್ ರೇಟ್ ಎಷ್ಟು? ಅದರ ಕೆಳಗೆ ಎಂಟು ಸಾವಿರ, ಇಪ್ಪತ್ತೆರಡು ಸಾವಿರ, ನಲವತ್ನಾಲ್ಕು ಸಾವಿರದ ನೂರು, ನಲವತ್ತೆಂಟು ಸಾವಿರ ಎಂದು ಪಟ್ಟಿ. ಸಂತೆಯ ದರದ ಹಲಗೆಯ ಹಾಗೆ ಎಲ್ಲರಿಗೂ ಕಾಣುತ್ತದೆ.

ವಿಷಯ ಏನೂ ದೊಡ್ಡದಲ್ಲ. ಒಂದು ಸೆಕೆಂಡಿನ ದನಿಯನ್ನು ಕಂಪ್ಯೂಟರು ಎಷ್ಟು ಸಲ ತಡವಿ ನೋಡಿ ಬರೆದಿಟ್ಟುಕೊಳ್ಳಬೇಕು ಎನ್ನುವ ಲೆಕ್ಕ ಅದು. ಸಿ.ಡಿ. ಮಾಡುವುದಿದ್ದರೆ ನಲವತ್ನಾಲ್ಕು ಸಾವಿರದ ನೂರು, ವಿಡಿಯೋಕ್ಕೆ ನಲವತ್ತೆಂಟು ಸಾವಿರ. ಯಾವ ನಂಬರಿಗೆ ಹಿಡಿದಿದ್ದೀರೋ ಅದೇ ನಂಬರಿಗೆ ನುಡಿಸಬೇಕು, ಇಲ್ಲದಿದ್ದರೆ ದನಿ ಓಡುತ್ತದೆ ಅಥವಾ ತೆವಳುತ್ತದೆ. ಇಷ್ಟೇ ವಿದ್ಯೆ. ನಾನು ಇದನ್ನು ಎರಡು ದಿನದಲ್ಲಿ ಕಲಿತೆ. ಗಿರಾಕಿಗಳಿಗೆ ತಿಳಿಸಿ ಹೇಳುವುದರಲ್ಲಿ ತಲೆಗೂದಲು ಹೋಯಿತು.

ಒಂದು: ಇನ್ನೊಂದು ಮಗ್ಗಲು

ಮೊದಲ ವಾರವೇ ಚಿತ್ತಾಪುರದಿಂದ ಭಜನೆಯವರೊಬ್ಬರು ತಬಲಾದವನನ್ನು ಕರೆದುಕೊಂಡು ಬಂದರು. ಹಾರ್ಮೋನಿಯಂ ಪೇಟಿ ಬಿಚ್ಚಿ ಕೂತು, ಪರದೆಯ ಪಟ್ಟಿಯನ್ನು ಬೆರಳಿಟ್ಟು ಓದಿದರು.

"ನಲವತ್ನಾಲ್ಕು ಬ್ಯಾಡ್ರಿ. ನಮ್ಮ ಭಜನಿ ನಲವತ್ತೈದು ನಿಮಿಷದ್ದು ಅದ. ಒಂದು ನಿಮಿಷ ಹೊರಗ ಉಳೀತದ. ನಲವತ್ತೆಂಟರದ್ದು ಹಾಕ್ರಿ."

ಕ್ಯಾಸೆಟ್ ಕಾಲದವರು. ಅರವತ್ತರ ಕ್ಯಾಸೆಟ್, ತೊಂಬತ್ತರ ಕ್ಯಾಸೆಟ್ ಎಂದು ನಿಮಿಷದ ಲೆಕ್ಕದಲ್ಲೇ ಕೊಂಡವರು. ನಾನು ಸಮಾಧಾನದಿಂದ ಹೇಳಿದೆ, "ಇದು ನಿಮಿಷ ಅಲ್ರಿ. ಒಂದು ಸೆಕೆಂಡಿನಾಗ ಎಷ್ಟು ಸಲ ದನಿ ಹಿಡೀತದ ಅಂತ. ನೀವು ಒಂದು ತಾಸು ಹಾಡ್ರಿ, ಏನೂ ಆಗಂಗಿಲ್ಲ."

"ಹಂಗೇನ್ರಿ?"

"ಹಂಗ."

ಅರ್ಧ ತಾಸು ತಿಳಿಸಿ ಹೇಳಿದೆ. ಹಾಳೆಯ ಮೇಲೆ ಗೆರೆ ಎಳೆದು, ಚುಕ್ಕಿ ಇಟ್ಟು ತೋರಿಸಿದೆ. ಅವರೂ ತಲೆಯಾಡಿಸಿ, "ಈಗ ಪಕ್ಕಾ ತಿಳೀತು ಬಿಡ್ರಿ" ಎಂದರು. ನನಗೆ ಬಹಳ ಸಂತೋಷವಾಯಿತು. ಮಾಸ್ತರಿಕೆ ಮಾಡಬೇಕಿತ್ತು, ತಪ್ಪಿ ಈ ಕಸುಬಿಗೆ ಬಂದೆ ಅನ್ನಿಸಿತು.

ನಲವತ್ನಾಲ್ಕನ್ನೇ ಒತ್ತಿದೆ, ಭಜನೆ ಶುರುವಾಯಿತು. ಚೆನ್ನಾಗಿಯೇ ಹಾಡಿದರು. ಆದರೆ ಕಡೆಕಡೆಗೆ ಕೈಗಡಿಯಾರ ನೋಡತೊಡಗಿದರು. ಲಯ ಏರಿತು. ತಬಲಾದವ ಬೆವತು ಹೋದ. ಮಂಗಳಾರತಿಯನ್ನು ಬಸ್ಸು ಹಿಡಿಯುವವರ ಹಾಗೆ ಓಡಿಸಿ, ಬರಾಬರ್ ನಲವತ್ನಾಲ್ಕು ನಿಮಿಷಕ್ಕೆ ಪೇಟಿ ಮುಚ್ಚಿ, ನನ್ನ ಕಡೆ ಬಾಗಿ ಹೇಳಿದರು:

"ಕೂಡಿಸಿದ್ವಿ ನೋಡ್ರಿ. ಇನ್ನ ಜರಾ ಹೊಳ್ಳಿಸಿ ಇನ್ನೊಂದು ಮಗ್ಗಲ ಹಾಕ್ರಿ."

ಎರಡು: ಸಾಣೆಯ ನಂಬರು

ಈ ಕಥೆಯನ್ನು ಯಾರೂ ನಮ್ಮ ಮಾವನವರಿಗೆ ಹೇಳಬಾರದಿತ್ತು. ಹೇಳಿದರು.

ಮಾವನವರದು ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆ. ನಾನು ದನಿ ಹಿಡಿಯುತ್ತೇನೆ ಎನ್ನುವುದು ಅವರಿಗೆ ಕೆಲಸ ಅಂತಲೇ ಅನ್ನಿಸುತ್ತಿರಲಿಲ್ಲ. ಕಲ್ಲಾದರೆ ಕೈಗೆ ಸಿಗುತ್ತದೆ, ಕಾಲಿಗೆ ಬಡಿಯುತ್ತದೆ. ದನಿ ಏನು? ಒಂದು ದಿನ ಅಂಗಡಿಗೆ ಬಂದು, ನನ್ನ ಹೆಂಡತಿ ಗೋಡೆಗೆ ಕಟ್ಟಿಕೊಟ್ಟ ಕೌದಿಗಳನ್ನು ಮುಟ್ಟಿ ನೋಡಿದರು. ದನಿ ಗೋಡೆಗೆ ಬಡಿದು ತಿರುಗಿ ಬರಬಾರದು ಎಂದು ಕಟ್ಟಿದ್ದೆವು.

"ಮಗಳಿಗೆ ಹೊದಿಯಾಕ ಕೊಟ್ಟ ಕೌದಿ ಗ್ವಾಡಿಗೆ ಹೊಚ್ಚೀರಿ" ಎಂದರು. ಆಮೇಲೆ ಪಟ್ಟಿ ನೋಡಿದರು. "ಕಡೀ ನಂಬರ್ ನಲವತ್ತೆಂಟು ಅದ. ನೀವ್ಯಾಕ ನಲವತ್ನಾಲ್ಕಕ್ಕ ನಿಂತೀರಿ?"

ಸಿ.ಡಿ.ಗೆ ಅದೇ ಬೇಕು ಎಂದೆ.

"ನಮ್ಮ ಸಾಣೀಗೂ ನಂಬರ್ ಇರ್ತಾವ. ಸಣ್ಣ ನಂಬರಿಗೆ ಕಲ್ಲು ಒರಟು, ದೊಡ್ಡ ನಂಬರಿಗೆ ಕನ್ನಡಿ. ಕಡೀ ನಂಬರ್ ಹಾಕದ ಮಾಲು ಕಳಿಸಿದ್ರ ಗಿರಾಕಿ ಮಾರಿ ಮ್ಯಾಲ ಒಗೀತಾನ. ನೀವು ಕೆಲಸ ಅರ್ಧಕ್ಕ ಬಿಡಾಕತ್ತೀರಿ, ಅಳಿಯಂದ್ರ."

ಅರ್ಧ ನಿಜ ಹೇಳುವವರ ಜೊತೆ ವಾದ ಮಾಡುವುದಕ್ಕಿಂತ ಸಂಕಟ ಬೇರೆ ಇಲ್ಲ. ಪೂರ್ತಿ ಸುಳ್ಳಾದರೆ ನಕ್ಕು ಬಿಡಬಹುದು. ನಾನು ಮತ್ತೆ ಹಾಳೆ ತೆಗೆದು ಗೆರೆ ಎಳೆಯಲು ಹೋದೆ. ಅವರು ಕೈ ಎತ್ತಿ ತಡೆದರು.

"ಒಂದು ವರ್ಷ ನೋಡ್ತೀನಿ. ಅಷ್ಟರಾಗ ಈ ಅಂಗಡಿ ತನ್ನ ಕಾಲ ಮ್ಯಾಲ ನಿಂತ್ರ ನಿಲ್ಲಲಿ. ಇಲ್ಲಾಂದ್ರ ಸುಮ್ಮ ಬಂದು ಕಾರ್ಖಾನಿ ನೋಡ್ಕೋರಿ. ನನಗೂ ವಯಸ್ಸಾತು."

ಬುತ್ತಿ ತಂದಿದ್ದ ಹೆಂಡತಿಯ ಎದುರೇ ಹೇಳಿದರು. ಆ ಕಾರ್ಖಾನೆಯಲ್ಲಿ ಒಂದು ದಿನ ನಿಂತರೆ ಮರುದಿನ ಕಿವಿ ಗುಂಯ್ ಎನ್ನುತ್ತದೆ. ಕಿವಿಯೇ ಬಂಡವಾಳವಾದ ನನ್ನನ್ನು ಅಲ್ಲಿ ಕೂರಿಸುವುದೆಂದರೆ ಬದುಕಿದ್ದಾಗಲೇ ಹೂಳಿದ ಹಾಗೆ. ಹೇಗಾದರೂ ಈ ವರ್ಷ ಒಂದು ತಪ್ಪೂ ಇಲ್ಲದೆ, ಪ್ರತಿಯೊಂದು ಕೆಲಸವನ್ನೂ ಸರಿಯಾದ ನಂಬರಿಗೇ ಹಿಡಿಯಬೇಕು ಎಂದು ಆ ದಿನ ಪಣ ತೊಟ್ಟೆ.

ಮೂರು: ಒಂದು ಮೇಲೆ

ಪಣವೇನೋ ತೊಟ್ಟೆ. ಚಿಂಚೋಳಿಯವರು ಬಿಡಬೇಕಲ್ಲ.

ಅಲ್ಲಿಯ ಒಂದು ಭಜನಾ ಮಂಡಳಿಯ ಅಧ್ಯಕ್ಷರು ಹನ್ನೆರಡು ಜನರನ್ನು ಜೀಪಿನಲ್ಲಿ ತುಂಬಿಕೊಂಡು ಬಂದರು. ಎಲ್ಲ ಸಿದ್ಧವಾಯಿತು. ನಾನು ನಲವತ್ನಾಲ್ಕು ಸಾವಿರದ ನೂರು ಒತ್ತಿದೆ. ಅಧ್ಯಕ್ಷರು, "ತಡೀರಿ, ತಡೀರಿ" ಎಂದರು.

"ಏನ್ರಿ?"

"ಸೊನ್ನಿಗೆ ಮುಗೀತದಲ್ರಿ."

"ಮುಗಿದ್ರ ಏನ್ರಿ?"

"ದೇವರ ಕೆಲಸ. ಮದವ್ಯಾಗ ಮುಯ್ಯಿ ಹಾಕಿದ್ರೂ ನಾವು ನೂರಾ ಒಂದು ಹಾಕ್ತೀವಿ. ನೂರು ಹಾಕ್ತಾರೇನು ಯಾರಾದ್ರೂ? ಒಂದು ಮ್ಯಾಲ ಇಡ್ರಿ."

ಇದು ಮುಯ್ಯಿ ಅಲ್ಲ, ಯಂತ್ರದ ಲೆಕ್ಕ, ದೇವರಿಗೂ ಇದಕ್ಕೂ ಸಂಬಂಧ ಇಲ್ಲ ಎಂದೆ. ಹನ್ನೆರಡು ಜನ ಒಮ್ಮೆಲೇ ತಾಳ ಕೆಳಗೆ ಇಟ್ಟರು. ಸಂಬಂಧ ಇಲ್ಲ ಎಂಬ ಮಾತು ಆಡಬಾರದಿತ್ತು.

ದುರ್ದೈವಕ್ಕೆ ಆ ಪಟ್ಟಿಯ ಮೇಲೆ ಬೇಕಾದ ಅಂಕಿ ಬರೆಯಲು ಒಂದು ಖಾಲಿ ಜಾಗ ಇತ್ತು. ಯಂತ್ರ ಒಪ್ಪುವುದಿಲ್ಲ, ಆಗ ಇವರಿಗೆ ತೋರಿಸಿ ಬಾಯಿ ಮುಚ್ಚಿಸಬಹುದು ಎಂದು ನಲವತ್ನಾಲ್ಕು ಸಾವಿರದ ನೂರಾ ಒಂದು ಎಂದು ಹೊಡೆದೆ. ದರಿದ್ರ ಕಂಪ್ಯೂಟರು ಒಪ್ಪಿಕೊಂಡಿತು. ಅಧ್ಯಕ್ಷರು ನನ್ನ ಕಡೆ ನೋಡಿದ ನೋಟ ಇವತ್ತಿಗೂ ಮರೆತಿಲ್ಲ.

ಮಧ್ಯಾಹ್ನದ ತನಕ ಹಾಡಿದರು. ಸಿ.ಡಿ. ಬರೆಯಲು ಹೋದರೆ ಬರೆಯುವ ಸಾಫ್ಟ್‌ವೇರು ಈ ಅಂಕಿ ಬೇಡವೇ ಬೇಡ ಎಂದು ಹಟ ಹಿಡಿಯಿತು. ಮತ್ತೆ ಎಲ್ಲವನ್ನೂ ನಲವತ್ನಾಲ್ಕು ಸಾವಿರದ ನೂರಕ್ಕೇ ಇಳಿಸಿದೆ. ಪ್ರಾಮಾಣಿಕ ಮನುಷ್ಯ ನಾನು, ಅವರು ಒಯ್ಯಲು ಬಂದಾಗ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ.

"ಮತ್ತ ಆ ಒಂದು ಎಲ್ಲಿ ಹೋತು?" ಎಂದರು ಅಧ್ಯಕ್ಷರು.

"ತೆಗೆದೀನ್ರಿ."

"ದೇವರ ಮುಂದಿಂದು ತೆಗೆದೀರಿ?"

ಕಳ್ಳನನ್ನು ಹಿಡಿದವರ ದನಿ ಅದು. ನನಗೆ ಸಾಕಾಗಿ ಹೋಗಿತ್ತು. ಪೆನ್ನು ತೆಗೆದು ಸಿ.ಡಿ.ಯ ಮೇಲೆ ದೊಡ್ಡದಾಗಿ ೪೪,೧೦೧ ಎಂದು ಬರೆದು, ಅರಿಶಿನ ಕುಂಕುಮ ಹಚ್ಚಿ ಕೊಟ್ಟೆ. ಅಲ್ಲೇ ಹಾಕಿಸಿ ಕಣ್ಣು ಮುಚ್ಚಿ ಕೇಳಿದರು. "ನೋಡ್ರಿ, ಆ ಒಂದು ಬಿದ್ದ ಮ್ಯಾಲ ಎಷ್ಟು ಕಳೆ ಬಂತು!" ಎಂದು ತೃಪ್ತಿಯಿಂದ ಹೋದರು.

ಪೀಡೆ ತೊಲಗಿತು ಎಂದುಕೊಂಡೆ. ಮುಂದಿನ ವಾರವೇ ತೆಲುಗು ಗಡಿಗೆ ಹತ್ತಿದ ಹಳ್ಳಿಯ ಇನ್ನೊಂದು ಮಂಡಳಿ ಜೀಪು ತಂದು ನಿಲ್ಲಿಸಿತು. ಅದರ ಅಧ್ಯಕ್ಷರು ಒಳಗೆ ಬರುವ ಮೊದಲೇ ಹೊಸ್ತಿಲಲ್ಲಿ ನಿಂತು ಹೇಳಿದರು:

"ಅವರಿಗೆ ನೂರಾ ಒಂದು ಹಾಕಿ ಕೊಟ್ಟೀರಂತ. ನಮ್ಮ ಕಡೀ ಮುಯ್ಯಿ ಪದ್ಧತಿ ನೂರಾ ಹದಿನಾರು!"

ನಾಲ್ಕು: ಮೊದಲು ಊಟ

ವಿಡಿಯೋದವರ ಜೊತೆ ವ್ಯವಹಾರ ಮಾಡಬೇಡ ಎಂದು ನನಗೆ ಯಾರಾದರೂ ಹೇಳಬೇಕಿತ್ತು.

ಸೇಡಂನಲ್ಲಿ ಒಂದು ಮದುವೆ. ಹುಡುಗಿಯ ತಂದೆ ತಾಲ್ಲೂಕು ಆಫೀಸಿನಲ್ಲಿದ್ದವರು, ಕಾಗದ ಪತ್ರ ಎಲ್ಲ ನೆಟ್ಟಗೆ ಇರಬೇಕು ಎನ್ನುವ ಮನುಷ್ಯ. ವಿಡಿಯೋದವನ ಮೈಕು ಕೆಟ್ಟಿದೆ ಎಂದು ದನಿ ಹಿಡಿಯಲು ನನ್ನನ್ನು ಕರೆಸಿದರು. ಬರೀ ದನಿಯ ಸಿ.ಡಿ.ಯೂ ಒಂದು ಬೇಕು ಎಂದಿದ್ದರು, ಅದಕ್ಕೆ ನಾನು ನಲವತ್ನಾಲ್ಕಕ್ಕೆ ಹಿಡಿದೆ. ಕೊಡುವಾಗ ವಿಡಿಯೋದವನಿಗೆ ಮೂರು ಸಲ ಹೇಳಿದೆ, "ಇದನ್ನ ನಲವತ್ತೆಂಟಕ್ಕ ಬದಲಿ ಮಾಡಿ ಹಾಕು. ಹಂಗ ಹಾಕಿದ್ರ ದನಿ ಮುಂದ ಓಡ್ತದ."

"ಆಗಲಿ ಅಣ್ಣಾರ" ಎಂದ. ಬದಲಿಸಿದನೇ? ಎಲ್ಲಿಂದ ಬಂತು!

ಸಿ.ಡಿ. ನೋಡಲು ಬೀಗರನ್ನೆಲ್ಲ ಮನೆಗೆ ಕರೆದಿದ್ದರು. ನನ್ನನ್ನೂ ಕರೆದಿದ್ದರು, ಸನ್ಮಾನ ಮಾಡುವ ಹಾಗೆ ಮುಂದೆ ಕೂರಿಸಿದ್ದರು. ಒಂದು ತಾಸಿನ ದನಿ ಐವತ್ತೈದು ನಿಮಿಷಕ್ಕೇ ಮುಗಿಯುವ ಓಟದಲ್ಲಿ ಇತ್ತು. ಭಟ್ಟರ ದನಿ ಹುಡುಗರ ದನಿಯಾಗಿತ್ತು. ಪರದೆಯ ಮೇಲೆ ಹುಡುಗಿ ಇನ್ನೂ ಕೋಣೆಯಲ್ಲಿ ಸೀರೆಯ ನಿರಿಗೆ ಸರಿ ಮಾಡಿಕೊಳ್ಳುತ್ತಿದ್ದಾಳೆ, ಇತ್ತ "ಶುಭಮಂಗಳ ಸಾವಧಾನ" ಮುಗಿದು ಬಾಜಾ ಮೊಳಗಿತು. ಮುಂದೆ ಹುಡುಗ ತಾಳಿ ಕೈಗೆ ತೆಗೆದುಕೊಂಡ, ಎಲ್ಲರೂ ಅಕ್ಷತೆ ಎತ್ತಿದರು, ಆಗ ದನಿ ಬಂತು: "ಏಳ್ರಿ ಬೀಗರ ಏಳ್ರಿ, ಪಂಕ್ತಿ ಕುಂದರಸಾಕತ್ತಾರ, ಅನ್ನ ಆರ್ತದ!"

ಹುಡುಗಿಯ ತಂದೆ ಕೆಂಪಾದರು.

"ಏನ್ರಿ ಇದು? ತಾಳಿ ಕಟ್ಟೂಕಿಂತ ಮೊದಲ ಗಂಡಿನ ಕಡ್ಯಾವ್ರು ಊಟಕ್ಕ ಎದ್ದಾರಂತ ಖಾಯಂ ದಾಖಲಾ ಮಾಡಿ ಕೊಟ್ಟೀರಲ್ಲ! ಬೀಗರು ಏನಂದ್ಕೋಬೇಕು?"

ನಾನು ನೆಲ ನೋಡುತ್ತ ನಲವತ್ನಾಲ್ಕು, ನಲವತ್ತೆಂಟು ಎಂದು ತೊದಲಿದೆ. ಆಗ ಬೀಗರ ಕಡೆಯ ಹಿರಿಯ ಹೆಣ್ಣುಮಗಳು ಒಬ್ಬರು ಎಲೆ ಅಡಿಕೆ ಮೆಲ್ಲುತ್ತ ನಿಧಾನಕ್ಕೆ ಹೇಳಿದರು:

"ಅವನಿಗ್ಯಾಕ ಬೈತೀರಿ ಬೀಗರ, ಅದು ಖರೇನ ಅದ. ನಾವು ಅಷ್ಟೊತ್ತಿಗೆ ಎರಡನೇ ಸಲ ಅನ್ನ ಹಾಕಿಸ್ಕೊಂಡಿದ್ವಿ."

ಐದು: ಹಲೋ

ಇದು ಸಣ್ಣದು. ಸನ್ನತಿ ಕಡೆಯ ಒಬ್ಬ ಶಾಲಾ ಮಾಸ್ತರರು ಮಗ್ಗಿ, ಪದ್ಯ, ಪಾಠ ಎಲ್ಲ ಓದಿ ಕೊಟ್ಟು, ಇಡೀ ವರ್ಷದ್ದು ಒಂದೇ ಡಿಸ್ಕಿನಲ್ಲಿ ಕೂರಿಸಬೇಕು ಎಂದು ಪಟ್ಟು ಹಿಡಿದರು. ದನಿ ತೆಳ್ಳಗಾಗುತ್ತದೆ ಎಂದು ಎಚ್ಚರಿಸಿದೆ. ಆದರೂ ಬೇಕು ಎಂದರು. ಎಂಟು ಸಾವಿರಕ್ಕೆ ಇಳಿಸಿ ಕೊಟ್ಟೆ. ಅದು ಬರಾಬರ್ ಟೆಲಿಫೋನಿನ ದನಿ.

ಎಂಟು ದಿನಕ್ಕೆ ಮಾಸ್ತರರು ತಿರುಗಿ ಬಂದು ಡಿಸ್ಕನ್ನು ಮೇಜಿನ ಮೇಲೆ ಇಟ್ಟರು. "ಎರಡು ಒಂದಲಿ ಎರಡು ಅಂತ ದನಿ ಬಂದ ಕೂಡಲೇ ಇಡೀ ಕ್ಲಾಸು ಎದ್ದು ನಿಂತು, ಹಲೋ, ಯಾರ್ರಿ, ಜರಾ ಜೋರ ಮಾತಾಡ್ರಿ ಅಂತ ಒದರಾಕತ್ತಾವ!"

ಆರು: ಮಾವನವರ ದನಿ

ವರ್ಷ ತುಂಬುತ್ತ ಬಂತು. ಗಿರಾಕಿಗಳು ಬರುತ್ತಿದ್ದರು, ಆದರೆ ಅಂಗಡಿ ಕಾಲೂರಿ ನಿಂತಿತು ಎಂದು ಎದೆ ತಟ್ಟಿ ಹೇಳುವಷ್ಟೇನೂ ಅಲ್ಲ. ಒಂದು ಬೆಳಿಗ್ಗೆ ಮಾವನವರೇ ಬಂದರು.

ಮಾವನವರ ಬಗ್ಗೆ ಒಂದು ಮಾತು ಹೇಳಬೇಕು. ಆರಡಿ ಎತ್ತರ, ದಪ್ಪ ಮೀಸೆ, ಎದುರು ನಿಂತರೆ ಹಮಾಲರೂ ಹಿಂದೆ ಸರಿಯುತ್ತಾರೆ. ದನಿ ಮಾತ್ರ ಕೀಚಲು. ಫೋನು ಎತ್ತಿದರೆ ಆ ಕಡೆಯವರು, "ಅವ್ವಾರ, ಸಾವ್ಕಾರ್ರು ಅದಾರೇನ್ರಿ?" ಎಂದು ಕೇಳುತ್ತಾರೆ. ಇವರು, "ಇಲ್ಲ, ಹೊರಗ ಹೋಗ್ಯಾರ" ಎಂದು ಇಟ್ಟುಬಿಡುತ್ತಾರೆ. ಆಯುಷ್ಯದಲ್ಲಿ ಒಮ್ಮೆಯೂ ಮೈಕಿನ ಮುಂದೆ ನಿಂತವರಲ್ಲ.

ಈಗ ಕಾರ್ಖಾನೆಗೆ ಹೊಸ ಮಷೀನು ಬಂದಿತ್ತು. ಪೂಜೆ ಇತ್ತು. ಊರಿನ ಕಲ್ಲಿನ ವ್ಯಾಪಾರಿಗಳೆಲ್ಲ ಬರುವವರಿದ್ದರು, ಸಾವ್ಕಾರರು ಮಾತಾಡದೆ ಗತ್ಯಂತರ ಇರಲಿಲ್ಲ.

"ನೀವು ನನ್ನ ಮಾತು ಹಿಡ್ಕೊಡ್ರಿ. ಅಲ್ಲಿ ಸಿ.ಡಿ. ಹಚ್ಚಿಬಿಡೂಣು. ನಾ ಸುಮ್ಮ ಕುಂದರ್ತೀನಿ" ಎಂದು ಬರೆದು ತಂದ ಹಾಳೆ ತೆಗೆದರು. ನಾನು ಮೊದಲು ಓದಿಕೊಂಡೆ. ಕಡೆಯ ಸಾಲು ಹೀಗಿತ್ತು: "ನಮ್ಮ ಅಳಿಯಂದಿರು ವಾಡಿಯ ಅಂಗಡಿ ಮುಚ್ಚಿ, ಬರುವ ತಿಂಗಳಿನಿಂದ ನಮ್ಮ ಕಾರ್ಖಾನೆ ನೋಡಿಕೊಳ್ಳುತ್ತಾರೆ."

"ವರ್ಷ ಇನ್ನೂ ತುಂಬಿಲ್ಲಲ್ರಿ ಮಾವಾರ" ಎಂದೆ.

"ಹದಿನೈದು ದಿನದಾಗ ಏನು ಫರಕ್ ಆಗ್ತದ? ಹಿಡೀರಿ."

ಹಿಡಿದೆ. ಮೊದಲ ಸಲ ಕಡೆಯ ಸಾಲಿಗೆ ಬಂದಾಗ ಗೂಡ್ಸ್ ಗಾಡಿ ಸೀಟಿ ಹೊಡೆಯಿತು. ಎರಡನೇ ಸಲ ರಾವೂರ ಕಡೆಯ ಕಲ್ಲು ಗಣಿಯಲ್ಲಿ ಮದ್ದು ಸಿಡಿಯಿತು. ಮೂರನೇ ಸಲ ಅವರಿಗೇ ಸೀನು ಬಂತು. ನನ್ನ ಅಂಗಡಿ ಮುಚ್ಚುವ ಸುದ್ದಿಯನ್ನು ನನ್ನ ಕೈಯಾರೆ ನಾಲ್ಕು ಸಲ ರೆಕಾರ್ಡ್ ಮಾಡಿದೆ. ಇಂಥ ಶಿಕ್ಷೆ ಶತ್ರುವಿಗೂ ಬೇಡ.

ಆ ಸಂಕಟದಲ್ಲಿ ಒಂದು ಕಡೆ ಲಕ್ಷ್ಯ ತಪ್ಪಿತು. ಹಿಂದಿನ ದಿನ ವಿಡಿಯೋ ಕೆಲಸಕ್ಕೆಂದು ನಲವತ್ತೆಂಟಕ್ಕೆ ಇಟ್ಟದ್ದನ್ನು ಬದಲಿಸದೆ ಹಾಗೇ ಹಿಡಿದಿದ್ದೆ. ನುಡಿಸುವಾಗ ರೂಢಿಯ ಹಾಗೆ ನಲವತ್ನಾಲ್ಕಕ್ಕೆ ತೆರೆದೆ. ಮದುವೆಯ ದನಿ ಓಡಿತ್ತಲ್ಲ, ಇದು ಅದಕ್ಕೆ ಉಲ್ಟಾ. ದನಿ ನಿಧಾನವಾಗಿ, ದಪ್ಪವಾಗಿ, ಗಂಭೀರವಾಗಿ ಬಂತು. ನಮಸ್ಕಾರ ಎನ್ನುವ ಮೊದಲ ಶಬ್ದಕ್ಕೇ ನನಗೆ ತಪ್ಪು ತಿಳಿಯಿತು. ನಿಲ್ಲಿಸಲು ಕೈ ಚಾಚಿದೆ. ಮಾವನವರು ನನ್ನ ಕೈ ಹಿಡಿದರು.

ಅವರು ಕುರ್ಚಿಯಿಂದ ಎದ್ದು ನಿಂತಿದ್ದರು. ಮುಗಿದ ಮೇಲೆ, "ಇನ್ನೊಮ್ಮಿ ಹಚ್ಚರಿ" ಎಂದರು. ಮತ್ತೆ ಹಚ್ಚಿದೆ. ಮತ್ತೊಮ್ಮೆ ಎಂದರು. ಅವರ ಕಣ್ಣು ತೇವವಾಗಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ನಾ ಮೊದಲಿಂದ ಹೇಳಾಕತ್ತೀನಿ, ಆ ಟೆಲಿಫೋನ್ ಖರಾಬ್ ಅದ ಅಂತ. ಯಾರೂ ಕೇಳಲಿಲ್ಲ. ನನ್ನ ಖರೇ ದನಿ ಇದು."

ವರ್ಷವಿಡೀ ಕಂಡಕಂಡವರಿಗೆಲ್ಲ ಸರಿಯಾದ ನಂಬರಿನ ಪಾಠ ಮಾಡಿದವನು ನಾನು. ಪ್ರಾಮಾಣಿಕ ಎಂದು ಮೇಲೆ ಬೇರೆ ಹೇಳಿಕೊಂಡಿದ್ದೇನೆ. ನಿಜ ಹೇಳಲು ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅವರು ಹೇಳಿದರು, "ಆ ಕಡೀ ಸಾಲು ಕತ್ತರಿಸಿ ಒಗೀರಿ."

"ಯಾವುದ್ರಿ?"

"ಅಂಗಡಿ ಮುಚ್ಚೋದು. ನೀವು ಬಂದು ಕಲ್ಲು ತಿಕ್ಕಿಸಿಕೋತ ಕುಂತ್ರ ನನ್ನ ದನಿ ಹಿಂಗ ಹಿಡಿಯೋರು ಯಾರು?"

ಬಾಯಿ ಮುಚ್ಚಿಕೊಂಡೆ. ಇವತ್ತಿನವರೆಗೂ ತೆರೆದಿಲ್ಲ.

ಪೂಜೆಯ ದಿನ ಶಹಾಬಾದಿನ ಕಾರ್ಖಾನೆಯಲ್ಲಿ, ಅದೇ ತಪ್ಪು ನಂಬರಿಗೆ ಬರೆದ ಸಿ.ಡಿ. ಹಚ್ಚಿದೆ. ಜನ ಬೆರಗಾದರು. "ಸಾವ್ಕಾರ್ರು ಏನ್ ಮಾತಾಡ್ಯಾರ್ರೀ!" ಎಂದು ಚಪ್ಪಾಳೆ ಬಿತ್ತು. ಅಲ್ಲಿಗೆ ಮುಗಿದಿದ್ದರೆ ನಾನು ಜೀವಮಾನ ಸುಖವಾಗಿರುತ್ತಿದ್ದೆ. ಯಾವನೋ ಒಬ್ಬ ಪುಣ್ಯಾತ್ಮ, "ಸಾವ್ಕಾರ್ರು ಎದ್ದು ಖುದ್ದ ಎರಡು ಮಾತು ಹೇಳಬೇಕು" ಎಂದ. ನಾನು ಬೇಡ ಬೇಡ ಎಂದು ಕಣ್ಣಲ್ಲೇ ಸನ್ನೆ ಮಾಡಿದೆ. ಮಾವನವರು ತಲೆಯ ಪಟಕಾ ಸರಿ ಮಾಡಿಕೊಂಡು ಎದ್ದೇಬಿಟ್ಟರು. ಮೊದಲ ಸಲ ಜನರ ಎದುರು ಮೈಕಿನ ಮುಂದೆ ನಿಂತರು, ಮೀಸೆ ತೀಡಿದರು.

"ಎಲ್ಲಾರಿಗೂ ನಮಸ್ಕಾರ."

ಅದೇ ಕೀಚಲು ದನಿ, ಎರಡು ದೊಡ್ಡ ಸ್ಪೀಕರಿನಲ್ಲಿ. ಚಪ್ಪರದಲ್ಲಿ ಎಲ್ಲರೂ ಸ್ಪೀಕರಿನ ಕಡೆ ತಿರುಗಿದರು. ಮಾವನವರು ಬೆಚ್ಚಿ ಮೈಕು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಮುಗಿಯಿತು ನನ್ನ ಕಥೆ ಎಂದುಕೊಂಡೆ.

"ಅಳಿಯಂದ್ರ" ಎಂದರು ಮೈಕಿನಲ್ಲೇ, "ನಂಬರ್ ತಪ್ಪ್ಯಾದ. ಜರಾ ಸರಿ ಮಾಡ್ರಿ."

ಮೈಕಿಗೆ ಎಲ್ಲಿಯ ನಂಬರು? ಆದರೆ ಊರಿಗೆ ಊರೇ ನನ್ನ ಕಡೆ ತಿರುಗಿ ಕೂತಿತ್ತು. ಎದ್ದು ಹೋದೆ. ಆಂಪ್ಲಿಫೈಯರಿನ ಹಿಂದೆ ಬಗ್ಗಿದೆ. ಯಾವುದಕ್ಕೂ ಜೋಡಿಸದ ಒಂದು ಗುಂಡಿಯನ್ನು ಎರಡು ಸುತ್ತು ಈ ಕಡೆ, ಒಂದು ಸುತ್ತು ಆ ಕಡೆ ತಿರುವಿದೆ. ಹತ್ತರ ತನಕ ಎಣಿಸಿ, ಹಣೆಯ ಬೆವರು ಒರೆಸಿಕೊಂಡು ಎದ್ದು, "ಈಗ ಮಾತಾಡ್ರಿ ಮಾವಾರ" ಎಂದೆ.

"ಎಲ್ಲಾರಿಗೂ ನಮಸ್ಕಾರ" ಎಂದರು ಅವರು, ಕೂದಲೆಳೆಯಷ್ಟೂ ಬದಲಾಗದ ಅದೇ ದನಿಯಲ್ಲಿ. ಒಂದು ಕ್ಷಣ ಕಿವಿಗೊಟ್ಟು ಕೇಳಿಕೊಂಡರು. ಮುಖ ಅರಳಿತು.

"ಹಾಂ, ಈಗ ಬರಾಬರ್ ಆತು ನೋಡ್ರಿ!"

ಮುಂದಿನ ಸಾಲಿನ ಕಲ್ಲಿನ ವ್ಯಾಪಾರಿಗಳೆಲ್ಲ, "ಹೌದ್ರಿ, ಈಗ ಭಾಳ ಚಲೋ ಬರಾಕತ್ತದ" ಎಂದು ತಲೆಯಾಡಿಸಿದರು.